ಇಳಿಸಲು ಒಂದು ಜಾಕ್

ಆಳಂದದ ಕಂಪನಿ ಅಂಗಳದಲ್ಲಿ ಲಾರಿಯನ್ನು ನನ್ನ ವಶಕ್ಕೆ ಕೊಟ್ಟಾಗ ಅದರಲ್ಲಿ ಜಾಕ್ ಇರಲಿಲ್ಲ. ಉಳಿದದ್ದೆಲ್ಲ ಇತ್ತು: ಸ್ಟೆಪ್ನಿ, ನಟ್ ಬಿಚ್ಚುವ ಪಾನ, ಎಳೆಯುವ ಸರಪಳಿ, ಸಲಿಕೆಗಳು, ಸೀಟಿನ ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಒಂದು ಫರಸಿ ಕಲ್ಲು. ಜಾಕ್ ಪೊಲೀಸ್ ಠಾಣೆಯಲ್ಲಿತ್ತು. ಹಿಂದಿನ ಮಳೆಗಾಲದಲ್ಲಿ ಚೌಡಾಪುರದ ಹತ್ತಿರ ಹೊಲವೊಂದರಲ್ಲಿ ಟೈರು ಬದಲಿಸುವಾಗ ಇದೇ ಲಾರಿಯ ಕೆಳಗೆ ಸಿಕ್ಕು ಇದರ ಚಾಲಕರು ತೀರಿಕೊಂಡಿದ್ದರು. ಆಮೇಲೆ ಲಾರಿ ವಾಪಸು ಬಂತು, ಜಾಕ್ ಬರಲಿಲ್ಲ.

ನಮ್ಮ ಕಂಪನಿಯದು ವಿದ್ಯುತ್ ಗೋಪುರಗಳು ನಿಲ್ಲುವ ಜಾಗದ ಮಣ್ಣು ಪರೀಕ್ಷೆಯ ಕೆಲಸ. ಲೈನು ಆಳಂದದಿಂದ ಹೊರಟು ಅಫಜಲಪುರ ತಾಲ್ಲೂಕನ್ನು ಹಾದು, ಭೀಮಾ ನದಿ ದಾಟಿ ಜೇವರ್ಗಿಯ ಕಡೆ ಹೋಗುತ್ತದೆ. ಗೋಪುರಗಳು ರಸ್ತೆಯನ್ನು ನೋಡಿಕೊಂಡು ನಿಲ್ಲುವುದಿಲ್ಲ. ಹೊಲದ ನಡುವೆ, ಹಳ್ಳದ ದಂಡೆಯಲ್ಲಿ, ಎಲ್ಲಿ ಗುರುತು ಬಿದ್ದಿದೆಯೋ ಅಲ್ಲಿಗೇ ಕೊರೆಯುವ ಯಂತ್ರ ಹೋಗಬೇಕು. ಅದಕ್ಕಾಗಿ ಸೈನ್ಯದ ಹರಾಜಿನಲ್ಲಿ ಕೊಂಡ, ನಾಲ್ಕೂ ಗಾಲಿ ಎಳೆಯುವ ಹಳೆಯ ಲಾರಿ. ನಾನು ಆ ತಂಡಕ್ಕೆ ಹೊಸದಾಗಿ ಬಂದ ಮಣ್ಣಿನ ಎಂಜಿನಿಯರ್. ಸಾಮಾನುಗಳ ಹೊಣೆಯೂ ನನ್ನದೇ ಆಯಿತು.

ಮ್ಯಾನೇಜರ್ ಫೋನಿನಲ್ಲಿ ನಕ್ಕರು. "ಹತ್ತು ಟನ್ನಿಂದು ಯಾವುದರ ಒಂದು ತಗೊಂಡ್ಬಿಡ್ರಿ ಮೇಡಂ. ಜಾಕ್ ಆರಸಾಕ ಕಮಿಟಿ ಮಾಡ್ತೀರೇನು?"

ಕಮಿಟಿ ಮಾಡುವಂತಿದ್ದರೆ ಅದರಲ್ಲಿ ನಾವಿಬ್ಬರೇ ಇರುತ್ತಿದ್ದೆವು, ನಾನು ಮತ್ತು ಲಾರಿಯ ಈಗಿನ ಚಾಲಕರು. ಅವರು ಮಾದನಹಿಪ್ಪರಗಾದವರು, ಮೂವತ್ತು ದಾಟಿರಲಿಕ್ಕಿಲ್ಲ. ಅಪಘಾತದ ದಿನ ಅದೇ ಲಾರಿಯಲ್ಲಿ ಸಹಾಯಕರಾಗಿದ್ದರು. ತೀರಿಕೊಂಡವರನ್ನು, ಬಂಧುವಲ್ಲದಿದ್ದರೂ, ಇವರು ಕಾಕಾ ಎನ್ನುತ್ತಿದ್ದರು. ಕಾಕಾ ಎತ್ತರದ ಆಳಂತೆ. ಸೀಟು ಇನ್ನೂ ಅವರ ಕಾಲಿನ ಅಳತೆಗೇ ಹಿಂದೆ ಸರಿದಿತ್ತು. ಇವರು ಸೀಟಿನ ತುದಿಗೆ ಕೂತು ಪಾದದ ತುದಿಯಿಂದ ಕ್ಲಚ್ ಒತ್ತುತ್ತಿದ್ದರು.

"ಸೀಟ್ ಮುಂದ ತಗೋರಿ ಅಣ್ಣಾ" ಎಂದೆ ಒಮ್ಮೆ.

"ಹಿಂಗ ಛಲೋ ಅದ್ರಿ."

ಜಾಕಿನ ವಿಷಯ ಎತ್ತಿದಾಗ ಮಾತ್ರ ಅವರು ಸ್ವಲ್ಪ ಬಿರುಸಾದರು. "ಗಾಡಿ ಓಡಸ್ತೇನ್ರಿ. ಎಲ್ಲಿ ಬೇಕಂತೀರಿ ಅಲ್ಲಿ ಇಳಸ್ತೇನಿ, ಹಳ್ಳದಾಗೂ ಇಳಸ್ತೇನಿ. ಜಾಕ್ ನೀವ ನೋಡ್ಕೋರಿ."

ನಾನು ಮೊದಲು ಫರಸಿ ಕಲ್ಲನ್ನು ಕೆಳಗಿಳಿಸಿದೆ. ನಮ್ಮ ಕಡೆ ಮನೆಯ ನೆಲ, ಅಡುಗೆ ಕಟ್ಟೆ, ಬಟ್ಟೆ ಒಗೆಯುವ ಜಾಗ ಎಲ್ಲವೂ ಫರಸಿಯೇ. ಪದರು ಪದರಾಗಿ ಸೀಳಿ ತೆಗೆದ ಈ ಚಪ್ಪಟೆ ಕಲ್ಲಿನ ಮೇಲೆ ಎಲ್ಲರಿಗೂ ಎಷ್ಟು ನಂಬಿಕೆಯೆಂದರೆ, ಯರಿ ಎನ್ನುವ ಕರಿಮಣ್ಣಿನ ಹೊಲಕ್ಕೆ ಇಳಿಯುವ ಲಾರಿಗಳವರು ಜಾಕಿನ ಅಡಿಗೆ ಇಡಲೆಂದು ಒಂದು ತುಂಡನ್ನು ಜೊತೆಯಲ್ಲೇ ಇಟ್ಟುಕೊಳ್ಳುತ್ತಾರೆ. ಗಟ್ಟಿ ನೆಲದ ಮೇಲೆ ಅದು ಏನನ್ನಾದರೂ ಹೊರುತ್ತದೆ. ಆದರೆ ಹಸಿ ಯರಿ ಮಣ್ಣು ಒಂದು ಬದಿಗೆ ಕುಸಿದರೆ ಮೇಲಿನ ಕಲ್ಲು ಬಾಗಬೇಕಾಗುತ್ತದೆ. ಕಲ್ಲು ಬಾಗುವುದಿಲ್ಲ. ಕಬ್ಬಿಣದಂತೆ ಸೊಟ್ಟಗಾಗಿ, ಮರದಂತೆ ಕಿರುಗುಟ್ಟಿ ಮುನ್ಸೂಚನೆ ಕೊಡುವುದೂ ಇಲ್ಲ. ಒಂದೇ ಸಲಕ್ಕೆ ಎರಡಾಗುತ್ತದೆ. ಚೌಡಾಪುರದಲ್ಲಿ ಆದದ್ದು ಅದೇ.

ಇದನ್ನು ಚಾಲಕರಿಗೆ ಹೇಳಿದೆ. ಅವರು ತಲೆಯಾಡಿಸಿ, ಕಲ್ಲನ್ನು ಅಂಗಳದ ಗೋಡೆಗೆ ಆನಿಸಿಟ್ಟರು.

ಆಳಂದದ ಬಸ್ ನಿಲ್ದಾಣದ ಹತ್ತಿರ ಲಾರಿ ಸಾಮಾನಿನ ಅಂಗಡಿಗೆ ಹೋದಾಗ ಅಂಗಡಿಯವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಸ್ಕೂಟಿಗಿ ಜಾಕ್ ಬೇಕಾಗಂಗಿಲ್ಲ ಬಾಯಿ. ಎತ್ತಿ ಬಗಲಾಗ ಇಟ್ಕೊಂಡ್ರ ಆತು."

"ಲಾರಿಗಿ ಬೇಕ್ರಿ. ಯರಿ ಹೊಲದಾಗ ಎತ್ತಬೇಕು. ನಾಲ್ಕೂ ಗಾಲಿ ಎಳೀತಾವ."

ಅವರು ಕನ್ನಡಕ ತೆಗೆದರು. "ಆ ಮಿಲಿಟರಿ ಗಾಡೀನ?"

ಹೌದೆಂದೆ. ಅವರ ತಮಾಷೆ ನಿಂತಿತು. ಒಳಗೆ ಹೋಗಿ ಬಾಟಲಿ ಜಾಕೊಂದನ್ನು ತಂದು ಮೇಜಿನ ಮೇಲಿಟ್ಟರು. ಬಾಟಲಿಯ ಆಕಾರದ, ಒಳಗಿನ ಎಣ್ಣೆಯ ಒತ್ತಡದಿಂದ ಎತ್ತುವ, ಎಲ್ಲ ಲಾರಿಗಳಲ್ಲೂ ಇರುವಂಥದ್ದು.

"ಅದೂ ಇಂಥಾದ್ದ ಇತ್ರಿ. ತೀರಿಕೊಂಡ ಡ್ರೈವರಗ ನಾನ ಕೊಟ್ಟಿದ್ದೆ" ಎಂದರು. ನಾನು ಕೇಳದಿದ್ದರೂ, "ಜಾಕಿಂದು ಏನೂ ತಪ್ಪಿಲ್ರಿ. ಇವತ್ತಿಗೂ ಅದು ಎತ್ತತದ" ಎಂದರು.

ತೂಕ, ಅಳತೆಗಳ ಕೆಲಸವನ್ನು ನಾನು ಕ್ರಮವಾಗಿ ಮಾಡಿದೆ. ಕೊರೆಯುವ ಯಂತ್ರ ಹೊತ್ತ ಲಾರಿಯ ಒಂದು ಗಾಲಿಯನ್ನು ನೆಲ ಬಿಡಿಸಬೇಕಾದರೆ ಜಾಕಿನ ಮೇಲೆ ಸುಮಾರು ಎರಡು ಟನ್ ಬೀಳುತ್ತದೆ. ಜಾಕಿನ ಅಡಿ ಅಂಗೈಯಷ್ಟು. ಮಳೆ ಕುಡಿದ ಯರಿ ಮಣ್ಣು ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಭಾರವನ್ನು ತಡೆಯುವ ಮಾತೇ ಇಲ್ಲ. ಅದೇ ಭಾರವನ್ನು ಎರಡಡಿ ಚೌಕದಲ್ಲಿ ಹರಡಿದರೆ ತಡೆಯಬಹುದು. ಅಷ್ಟಗಲದ, ಬಾಗದಷ್ಟು ದಪ್ಪದ ಕಬ್ಬಿಣದ ತಗಡು ಒಬ್ಬರು ಎತ್ತಲಾಗದಷ್ಟು ಭಾರ. ಆದ್ದರಿಂದ ಜಾಲಿ ಮರದ ಹಲಗೆಗಳನ್ನು ಎರಡು ಪದರಾಗಿ, ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ಬೋಲ್ಟು ಹಾಕಿ ಬಿಗಿದ ಮಣೆಯೊಂದನ್ನು ಮಾಡಿಸಿದೆ. ಮರ ಒಡೆಯುವ ಮೊದಲು ಕೂಗುತ್ತದೆ. ನನಗೆ ಅದು ಬೇಕಾಗಿತ್ತು.

ಮಣೆಯ ಮೇಲೆ ಯಾವ ಜಾಕ್ ಎನ್ನುವುದನ್ನು ಹೊಲದಲ್ಲೇ ನೋಡಬೇಕೆಂದು ಮೂರು ಬಗೆಯವನ್ನು ತಂದು ಮಟಕಿ ಎಂಬ ಊರಿನ ಹೊಲವೊಂದಕ್ಕೆ ಹೋದೆವು. ಹೊಲದ ಒಡತಿ ವಯಸ್ಸಾದ ಹೆಂಗಸು. ತೊಗರಿ ಕೊಯ್ದ ಹೊಲದಲ್ಲಿ ಒಂದು ಮೂಲೆಗೆ ನೀರು ಬಿಟ್ಟು ನೆನೆಸಿಕೊಳ್ಳಲು ಬಿಟ್ಟರು. ಬದುವಿನ ಮೇಲೆ ಕೂತು ನೋಡತೊಡಗಿದರು.

ಮೊದಲು ಉದ್ದ ಹಲ್ಲುಪಟ್ಟಿಯ, ಎದೆಯೆತ್ತರದ ಜಾಕ್. ಇದರ ಗುಣವೆಂದರೆ ಯಾರೂ ಲಾರಿಯ ಕೆಳಗೆ ನುಸುಳಬೇಕಿಲ್ಲ, ಬಂಪರಿಗೇ ಕೊಟ್ಟು ಎತ್ತಬಹುದು. ಆದರೆ ಚಾಸಿಯನ್ನು ಎತ್ತಿದಷ್ಟೂ ಸ್ಪ್ರಿಂಗುಗಳು ಕೆಳಗೆ ಜೋಲುತ್ತ ಬಂದವು. ಗಾಲಿ ನೆಲ ಬಿಡುವ ಹೊತ್ತಿಗೆ ಲಾರಿಯ ಮೂತಿ ಮೇಲೇರಿ ಪಕ್ಕಕ್ಕೆ ತೂಗಾಡಿತು. ನನ್ನ ಕೈಯಿಂದ ಜಾರಿದ ಹಿಡಿಕೆ ಮುಖದ ಮುಂದೆಯೇ ಹಾದು ಮೇಲಕ್ಕೆ ಹಾರಿತು. ಅದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು ಸೈಲೆನ್ಸರಿನ ಹೊಗೆಯಿಂದ ಉಬ್ಬುವ ದಪ್ಪ ರಬ್ಬರಿನ ಚೀಲ. ಕಲಬುರಗಿಯಿಂದ ತರಿಸಿದ್ದು, ಅಗಲವಾಗಿ ಕೂರುವುದರಿಂದ ಕೆಸರಿಗೆ ಇದೇ ಸರಿ ಎಂದು ನನಗೆ ಬಹಳ ಭರವಸೆಯಿತ್ತು.

"ಇದೇನು ತಂಗಿ, ಲಾರಿಗಿ ಗಾದಿ ಹಾಸ್ತೀಯೇನು?" ಎಂದರು ಮುದುಕಿ. "ತೊಟ್ಲಾನೂ ಕಟ್ಟಬೇಕಿತ್ತು."

ಚಾಲಕರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೀಲ ಅರ್ಧ ಉಬ್ಬುವಷ್ಟರಲ್ಲಿ ಕುಡುಗೋಲಿನಿಂದ ಓರೆಯಾಗಿ ಕೊಯ್ದ ತೊಗರಿಯ ಕೂಳೆಯೊಂದು ಚೂರಿಯಂತೆ ಹೊಕ್ಕಿತು. ಕರಿ ಹೊಗೆ ಬುಸುಗುಟ್ಟುತ್ತ ಮುದುಕಿಯ ಕಡೆಗೇ ಹೋಯಿತು. ಅವರು ಸೆರಗು ಮೂಗಿಗೆ ಹಿಡಿದು, "ಗಾದಿ ಹರಕೊಂತು ನೋಡ್" ಎಂದರು.

ಕೊನೆಗೆ ಬಾಟಲಿ ಜಾಕ್. ಮಣೆಯನ್ನು ಉದ್ದ ಕೊಕ್ಕೆಯಿಂದ ಹೊರಗಿನಿಂದಲೇ ತಳ್ಳಿ ಅಚ್ಚಿನ ಕೆಳಗೆ ಕೂಡಿಸಿದೆವು. ಹೊರಗೇ ಕೂತು ನಾನು ಹಿಡಿಕೆ ಒತ್ತಿದೆ. ಗಾಲಿ ಸುಲಭವಾಗಿ ನೆಲ ಬಿಟ್ಟಿತು. ಮಣೆ ಒಂದೇ ಸಮನೆ ಬೆರಳಷ್ಟು ಇಳಿದು ನಿಂತಿತು. ವಾಲಲಿಲ್ಲ. ಮುಗಿಯಿತು ಎಂದುಕೊಂಡೆ. ದಿನವೂ ಜಾಕ್ ಹಿಡಿಯಬೇಕಾದವರು ಚಾಲಕರು. ಆದ್ದರಿಂದ ಇಳಿಸಲು ಅವರನ್ನು ಕರೆದೆ. ಬಾಟಲಿ ಜಾಕನ್ನು ಇಳಿಸುವುದೆಂದರೆ ಬುಡದಲ್ಲಿರುವ ಸಣ್ಣ ತಿರುಪನ್ನು ಸಡಿಲಿಸುವುದು, ಅಷ್ಟೇ.

ಅವರು ಕುಕ್ಕರಗಾಲಲ್ಲಿ ಕೂತು ಸಲಾಕೆಯನ್ನು ತಿರುಪಿಗೆ ಕೊಟ್ಟರು. ತಿರುಗಿಸಲಿಲ್ಲ.

"ಕೆಳಗ ಯಾರರ ಅದಾರೇನ್ರಿ?" ಎಂದರು.

"ಯಾರೂ ಇಲ್ಲ ಅಣ್ಣಾ. ನಾವಿಬ್ಬರೂ ಇಲ್ಲೇ ಇದ್ದೀವಿ."

ಅವರು ಕೇಳಿದ್ದು ನನ್ನನ್ನಲ್ಲ. ಲಾರಿಯ ಕಡೆ ಮುಖ ಮಾಡಿ ಉತ್ತರಕ್ಕೆ ಕಾಯುತ್ತಿದ್ದರು. ಕೊನೆಗೆ ನಾನೇ ಸಲಾಕೆ ತೆಗೆದುಕೊಂಡು ತಿರುಪು ಸಡಿಲಿಸಿದೆ. ಲಾರಿ ಒಂದು ದೊಡ್ಡ ನಿಟ್ಟುಸಿರಿನಂತೆ ಸದ್ದು ಮಾಡಿ ಕೂತಿತು. ತಿರುಗಿ ನೋಡಿದಾಗ ಚಾಲಕರು ಹೊಲದ ಆಚೆ ತುದಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತಿದ್ದರು.

ವಾಪಸು ಬರುವಾಗ ದಾರಿಯಲ್ಲಿ ಅವರೇ ಹೇಳಿದರು. ಕಣ್ಣು ರಸ್ತೆಯ ಮೇಲಿತ್ತು.

"ಕಾಕಾ ಒಳಗ ನುಸುಳಿ ಫರಸಿ ಮ್ಯಾಲ ಜಾಕ್ ಇಟ್ರು. ನಾ ಹ್ಯಾಂಡಲ್ ಹೊಡದೆ. ಗಾಲಿ ಎದ್ತು. ಆಮ್ಯಾಲ ಫಟ್ ಅಂತು. ಜಾಕ್ ವಾಲ್ತು, ಬೀಳಲಿಲ್ರಿ. ಕಾಕಾ ಒಳಗಿಂದನ ಅಂದ್ರು, ಸಾವಕಾಶ ಇಳಸಪಾ, ಕಲ್ಲು ಬದಲಸೂಣು ಅಂತ. ಇಳಸ್ದೆ."

ಅವರು ಗೇರು ಬದಲಿಸಿದರು.

"ಹೊರಗ ಬಂದ್ರೇನು ಅಂತ ಕೇಳಲಿಲ್ಲ ನಾ. ಇಳಸು ಅಂದ್ರು, ಇಳಸ್ದೆ. ಸಾವಕಾಶ ಇಳಸ್ದೆ ಮೇಡಂ, ಇಷ್ಟ ತಿರುವಿದೆ." ಸ್ಟಿಯರಿಂಗಿನಿಂದ ಒಂದು ಕೈ ಎತ್ತಿ ಎರಡು ಬೆರಳನ್ನು ಕೂದಲೆಳೆಯಷ್ಟು ಹೊರಳಿಸಿ ತೋರಿಸಿದರು. "ಅದು ಸಾವಕಾಶ ಬರಲಿಲ್ಲ."

ಅಂದು ಸಂಜೆ ಮ್ಯಾನೇಜರಿಗೆ ಪ್ರಯೋಗದ ವಿವರ ಹೇಳಬೇಕಾಯಿತು. ಇಳಿಸುವಾಗ ಆದದ್ದನ್ನು ಮುಚ್ಚಿಡುವುದು ಸರಿಯಲ್ಲವೆಂದು ಅದನ್ನೂ ಹೇಳಿದೆ.

"ಹಂಗಾರ ಡ್ರೈವರ್ನ ಬದಲಸ್ರಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಪಾಪ ಅನಸ್ತದ, ಖರೆ. ಆದ್ರ ಹೊಲದಾಗ ಜಾಕ್ ಇಳಸಲಾರದವ ನಮಗ ಹ್ಯಾಂಗ ಆಗ್ತಾನ ಹೇಳ್ರಿ. ಮಳಿ ಬಂತಂದ್ರ ನಿಮಗ ಕಷ್ಟ."

ಅವರ ಮಾತು ತಪ್ಪಲ್ಲ. ಗಾಲಿ ಎತ್ತಿ ನಿಂತ ಲಾರಿಯ ಪಕ್ಕದಲ್ಲಿ ಕೈ ಕಟ್ಟಿಹೋಗುವ ಮನುಷ್ಯ ತನಗೂ ಅಪಾಯ, ಜೊತೆಯವರಿಗೂ ಅಪಾಯ. ಆದರೆ ಅವರನ್ನು ತೆಗೆದರೆ ಬೇರೆ ಯಾವ ಕಂಪನಿಯೂ ಆ ಲಾರಿಯ ಕಥೆ ಕೇಳಿ ಅವರ ಕೈಗೆ ಗಾಡಿ ಕೊಡುವುದಿಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಎರಡು ದಿನ ತಡೆಯಿರಿ ಎಂದೆ.

ಆ ಎರಡು ದಿನ ಅವರು ತೋರಿಸಿದ ಬೆರಳುಗಳ ಹೊರಳು ನನ್ನ ಕಣ್ಣಿಂದ ಹೋಗಲಿಲ್ಲ. ಕೂದಲೆಳೆಯಷ್ಟು ತಿರುಗಿಸಿದರೂ ಪೂರ್ತಿ ಬರುವ ಭಾರ. ಅದುವರೆಗೆ ನಾನು ಪ್ರತಿ ಜಾಕನ್ನೂ ಎಷ್ಟು ಎತ್ತುತ್ತದೆ, ಎಷ್ಟು ಎತ್ತರ ಎತ್ತುತ್ತದೆ ಎಂದೇ ಅಳೆದಿದ್ದೆ. ಜಾಕಿನ ಮೈಮೇಲೆ ಬರೆದಿರುವುದೂ ಅಷ್ಟೇ. ಹೇಗೆ ಇಳಿಸುತ್ತದೆ ಎಂದು ಯಾವುದರ ಮೇಲೂ ಬರೆದಿರುವುದಿಲ್ಲ. ಹಸಿ ನೆಲದಲ್ಲಿ ಇಳಿಯುವ ಹೊತ್ತೇ ಅತಿ ಕೆಟ್ಟ ಹೊತ್ತು: ಮಣ್ಣು ಆಗಲೇ ದಣಿದಿರುತ್ತದೆ, ಜನರು ಕೆಲಸ ಮುಗಿಯಿತೆಂದು ಮೈಮರೆತಿರುತ್ತಾರೆ.

ಬೇಕಾದದ್ದು ತಿರುಪಿನ ಜಾಕ್. ದಪ್ಪ ಕಬ್ಬಿಣದ ಕಂಬಕ್ಕೆ ಕೊರೆದ ತಿರುಪಿನ ಮೇಲೆ ಏರುವಂಥದ್ದು. ಅದು ತಾನಾಗಿ ಇಳಿಯಲಾರದು. ಒಂದು ಸುತ್ತು ಹಿಂದಕ್ಕೆ ತಿರುಗಿಸಿದರೆ ಒಂದು ಸುತ್ತಿನಷ್ಟೇ ಇಳಿಯುತ್ತದೆ, ಕೈ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ವಾಲಿದರೆ ಅದೂ ಬೀಳಬಹುದು. ಅದಕ್ಕೆ ಮಣೆ ಇದೆ. ಮ್ಯಾನೇಜರ್, "ಮುತ್ಯಾನ ಕಾಲದ ಜಾಕ್ ತರ್ತೀರಿ. ಗಾಲಿ ಎತ್ತೂದ್ರಾಗ ಬ್ಯಾಸಗಿ ಮುಗೀತದ" ಎಂದರು. ಆದರೂ ಒಪ್ಪಿದರು. ಚಾಲಕರ ವಿಷಯ ಒಂದು ಪಂಕ್ಚರ್ ಆಗುವವರೆಗೆ ಹಾಗೇ ಇರಲಿ, ಆಗ ನೋಡೋಣ ಎಂದರು.

ಆಳಂದದಲ್ಲಿ ಅದು ಸಿಗಲಿಲ್ಲ. ಅಫಜಲಪುರದಲ್ಲಿ ಕಬ್ಬು ಸಾಗಿಸುವ ಗಾಡಿಗಳ ರಿಪೇರಿ ಮಾಡುವವರೊಬ್ಬರ ಬಳಿ ಒಂದಿತ್ತು, ಧೂಳು ತಿಂದು ಮೂಲೆಯಲ್ಲಿ ಬಿದ್ದಿತ್ತು. ತಿರುಪನ್ನು ಪೂರ್ತಿ ಬಿಚ್ಚಿಸಿ, ಹಲ್ಲು ಸವೆದಿಲ್ಲವೆಂದು ಬೆರಳಾಡಿಸಿ ನೋಡಿ, ಸೀಮೆಎಣ್ಣೆಯಲ್ಲಿ ತೊಳೆಸಿ ಗ್ರೀಸು ಹಾಕಿಸಿದೆ. ಬುಡವನ್ನು ಜಾಲಿ ಮಣೆಗೆ ಬೋಲ್ಟು ಹಾಕಿ ಕೂಡಿಸಿದೆವು. ಹೊರಗೆ ಕೂತೇ ತಿರುಗಿಸಲು ಬರುವಂತೆ ಉದ್ದ ಸಲಾಕೆಯ ತುದಿಗೆ ಕೊಕ್ಕೆ ಮಾಡಿಸಿದೆ. ಒಂದು ತೊಡಕು ಬಂತು: ತಿರುಪಿನ ಜಾಕ್ ಎತ್ತರ, ಗಾಳಿ ಹೋದ ಗಾಲಿಯ ಅಚ್ಚು ಗಿಡ್ಡ. ಮಣೆ ಸೇರಿದರೆ ಕೆಳಗೆ ಹೋಗುವುದೇ ಇಲ್ಲ. ಅದಕ್ಕೆ ಗಾಳಿ ಹೋದ ಗಾಲಿಯನ್ನೇ ಮೊದಲು ದಪ್ಪ ಹಲಗೆಯ ಮೇಲೆ ಹತ್ತಿಸಿ ನಿಲ್ಲಿಸುವುದೆಂದು ಕ್ರಮ ಮಾಡಿಕೊಂಡೆವು. ಅದನ್ನು ಅಂಗಳದಲ್ಲಿ ಅಭ್ಯಾಸ ಮಾಡಿದಾಗ ಚಾಲಕರು ಒಂದೇ ಸಲಕ್ಕೆ ಹತ್ತಿಸಿ ನಿಲ್ಲಿಸಿದರು. ಇಳಿಸುವ ಅಭ್ಯಾಸಕ್ಕೆ ನಾನು ಅವರನ್ನು ಕರೆಯಲಿಲ್ಲ, ಅವರೂ ಬರಲಿಲ್ಲ.

ಪಂಕ್ಚರ್ ಆದದ್ದು ನದಿ ದಾಟಿದ ಮೇಲೆ, ಜೇವರ್ಗಿಯ ಕಡೆ. ಮಳೆ ಸುರಿದು ನಿಂತಿತ್ತು. ಹೊಲ ಕರಿ ಹಿಟ್ಟಿನಂತೆ ಕಾಲಿಗೆ ಮೆತ್ತುತ್ತಿತ್ತು. ಮಣ್ಣಿನಲ್ಲಿ ಹೂತುಹೋಗಿದ್ದ ಕುಂಟೆಯ ಕುಡ ಎನ್ನುವ ಕಬ್ಬಿಣದ ಅಲಗೊಂದು ಹಿಂದಿನ ಎಡಗಾಲಿಗೆ ಹೊಕ್ಕಿತ್ತು. ಕೊರೆಯುವ ಕೆಲಸಗಾರರು ಬೇರೆ ಜೀಪಿನಲ್ಲಿ ಮುಂದೆ ಹೋಗಿದ್ದರು. ನಾವಿಬ್ಬರೇ. ಮಧ್ಯಾಹ್ನ, ಆದರೆ ಮೋಡದ ಬೆಳಕು ಸಂಜೆಯಂತಿತ್ತು.

ಚಾಲಕರು ಗಾಲಿಯನ್ನು ಹಲಗೆಯ ಮೇಲೆ ಹತ್ತಿಸಿದರು. ನಾನು ಆಚೆ ಬದಿಯ ಗಾಲಿಗಳು ಉರುಳದಂತೆ ಕಟ್ಟಿಗೆಯ ಅಡ್ಡತುಂಡು ಕೊಡಲು ಹೋದೆ. ಬರುವಷ್ಟರಲ್ಲಿ ಅವರು ಮಣೆಯನ್ನು ತಳ್ಳಿ ಸರಿಯಾಗಿ ಕೂಡಿಸಿದ್ದರು. ಅವರಾಗಿಯೇ ಜಾಕ್ ಮುಟ್ಟಿದ್ದು ನೋಡಿ ನನಗೆ ಸಮಾಧಾನವಾಯಿತು. ನಾನು ಸಲಾಕೆ ತಿರುಗಿಸತೊಡಗಿದೆ. ತಿರುಪು ಕುಯ್‌ಗುಟ್ಟುತ್ತ ಏರಿತು. ಗಾಲಿ ಹಲಗೆ ಬಿಡುವ ಹೊತ್ತಿಗೆ ಲಾರಿಯ ಕೆಳಗಿನಿಂದ ಸದ್ದು ಬಂತು.

ಫಟ್.

ನಾನು ಸಲಾಕೆ ಬಿಟ್ಟು ಹಿಂದೆ ಸರಿದೆ. ಏನೂ ಆಗಲಿಲ್ಲ. ಮಣೆ ಒಂದು ಮೂಲೆಗೆ ಬೆರಳಷ್ಟು ಕುಸಿದು ನಿಂತಿತು. ತಿರುಪು ಹಿಡಿದದ್ದನ್ನು ಬಿಟ್ಟಿರಲಿಲ್ಲ. ಬಗ್ಗಿ ನೋಡಿದೆ: ಮಣೆಯ ಅಡಿಯಿಂದ ಚಪ್ಪಟೆ ಕಲ್ಲಿನ ಎರಡು ತುಂಡುಗಳ ಅಂಚು ಮೇಲೆದ್ದಿದ್ದವು.

ಚಾಲಕರ ಮುಖ ಬೂದಿಯಾಗಿತ್ತು. "ನಾನ ಇಟ್ಟೇನ್ರಿ" ಎಂದರು. "ದಾರ್ಯಾಗ ಚಹಾದಂಗಡಿ ಕಡೆ ಬಿದ್ದಿತ್ತು, ಗಾಡ್ಯಾಗ ಹಾಕ್ಕೊಂಡಿದ್ದೆ. ನೆಲ ಹಸಿ ಅದಲ್ಲಾ ಅಂತ ಮಣಿ ಕೆಳಗ ಕೊಟ್ಟೆ. ಯಾಕ ಕೊಟ್ಟೆ ಮೇಡಂ? ನನಗ ಗೊತ್ತಿಲ್ಲೇನು ಅದು?"

ಹುಟ್ಟಿದಾಗಿನಿಂದ ಕಾಲಡಿಗೆ ಇದ್ದ ಕಲ್ಲು. ಅದು ಏನು ಮಾಡಿತೆಂದು ಕಣ್ಣಾರೆ ನೋಡಿದ ಮೇಲೂ, ನೆಲ ಮೆತ್ತಗಾದಾಗ ಕೈ ಅದನ್ನೇ ಹುಡುಕಿತ್ತು.

ಗಾಲಿಯ ಕೆಳಗಿನ ಹಲಗೆ ಎಳೆದುಹಾಕಿದರೆ ಅಷ್ಟೆತ್ತರದಲ್ಲೇ ಕೆಲಸ ಮುಗಿಸಬಹುದಿತ್ತು. ನಾನು ಪಾನ ಅವರ ಕೈಗೆ ಕೊಟ್ಟೆ. ಅವರು ನಟ್ ಬಿಚ್ಚಿ ಸ್ಟೆಪ್ನಿ ಕೂಡಿಸಿದರು. ಕೊನೆಯ ನಟ್ ಬಿಗಿದು ಅವರು ಎದ್ದರು. ಇನ್ನು ಇಳಿಸಬೇಕು. ಅವರು ಸಲಾಕೆಯ ಕಡೆ ಒಂದು ಹೆಜ್ಜೆ ಇಟ್ಟು ನಿಂತರು. ಅದೇ ಪ್ರಶ್ನೆಗೆಂದು ಬಾಯಿ ತೆರೆದರು, ಕೇಳಲಿಲ್ಲ.

ಮಟಕಿಯಲ್ಲಿ ನಾನು ಕೊಟ್ಟ ಉತ್ತರದಿಂದ ಅವರಿಗೆ ಏನೂ ಆಗಿರಲಿಲ್ಲ. ನನ್ನ ಮಾತಿನಿಂದ ಆಗುವ ಕೆಲಸವಲ್ಲ ಅದು.

"ನಾ ತಿರುಗಸ್ತೀನಿ ಅಣ್ಣಾ" ಎಂದೆ. "ನೀವು ನೋಡ್ರಿ. ನೀವ ನೋಡಿ ಹೇಳ್ರಿ."

ಅವರು ಕೆಸರಿನಲ್ಲಿ ಮಂಡಿಯೂರಿದರು, ಎರಡೂ ಅಂಗೈ ಊರಿದರು, ಕೆನ್ನೆ ಮಣ್ಣಿಗೆ ತಾಗುವಷ್ಟು ಬಾಗಿದರು. ಆ ದಿನದಿಂದ ಅವರು ಈ ಲಾರಿಯ ಕೆಳಗೆ ಪೂರ್ತಿ ಬಗ್ಗಿ ನೋಡಿರಲಿಲ್ಲ ಎನ್ನುವುದು ಅವರು ಬಾಗಿದ ರೀತಿಯಲ್ಲೇ ತಿಳಿಯಿತು. ಈ ತುದಿಯಿಂದ ಆ ತುದಿಗೆ, ಗಾಲಿಯಿಂದ ಗಾಲಿಗೆ ನಿಧಾನವಾಗಿ ತಲೆ ಹೊರಳಿಸಿ ನೋಡಿದರು. ತುಟಿ ಅಲುಗಿತು. ಏನು ಹೇಳಿದರೆಂದು ನನಗೆ ಕೇಳಲಿಲ್ಲ, ಕೇಳಬೇಕಾದವಳೂ ನಾನಲ್ಲ.

"ಯಾರೂ ಇಲ್ರಿ" ಎಂದರು, ಎದ್ದು ಕೂತು. ದನಿ ಸರಿಯಾಗಿತ್ತು. "ಇಳಸ್ರಿ ಮೇಡಂ."

ನಾನು ಸಲಾಕೆ ಹಿಡಿದೆ. ಕಾಲು ಸುತ್ತು ತಿರುಗಿಸಿದರೆ ಕಾಲು ಸುತ್ತು ಇಳಿಯುತ್ತದೆ. ಅದನ್ನು ನಾನೇ ಲೆಕ್ಕ ಹಾಕಿದ್ದೆ, ನಾನೇ ಆರಿಸಿದ್ದೆ. ಲಾರಿಯ ಕೆಳಗೆ ಮೋಡದ ಬೆಳಕು ಆಚೆಯಿಂದ ಈಚೆಗೆ ಬರುತ್ತಿತ್ತು, ನಡುವೆ ಯಾರೂ ಇರಲಿಲ್ಲ. ಕೂತಲ್ಲಿಂದಲೇ ನನಗೂ ಕಾಣುತ್ತಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ.

"ಇನ್ನೊಮ್ಮೆ ನೋಡ್ರಿ" ಎಂದೆ.

ಅವರು ನನ್ನ ಮುಖ ನೋಡಿದರು. ಏನೂ ಕೇಳದೆ ಮತ್ತೆ ಕೆಸರಿಗೆ ಕೈಯೂರಿ ಬಾಗಿದರು.